ವರ್ಷ ತುಂಬುವ ಮೊದಲೇ ಕಾಪಿ ತುಂಬಿಸುವ ಅವಸರ

ಒಂದನೇ ತರಗತಿಗೆ ಸೇರಲು ಮಗುವಿಗೆ ಆರು ವರ್ಷ ತುಂಬಿರಲೇಬೇಕೇ, ಐದೂವರೆ ಆದರೆ ಸಾಕೇ? ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರವಾರದಿಂದ ಮುಂಡಗೋಡದವರೆಗೆ, ಎಳೆ ಮಕ್ಕಳಿರುವ ಮನೆಗಳಲ್ಲಿ ಕೆಲವು ವರ್ಷಗಳಿಂದ ಇದೇ ಮಾತು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರ್ಕಾರ 2022ರಲ್ಲಿ ಆದೇಶ ಮಾಡಿತು. ಆಗಲೇ ಎಲ್‌ಕೆಜಿ ಸೇರಿದ್ದ ಮಕ್ಕಳ ಗತಿ ಏನು ಎಂದು ಪಾಲಕರು ಕೇಳಿದರು. ನಿಯಮದ ಜಾರಿ 2025-26ಕ್ಕೆ ಹೋಯಿತು. ಆ ವರ್ಷ ಹತ್ತಿರ ಬಂದಾಗ ಮತ್ತೆ ಒತ್ತಡ ಬಂತು. ಯುಕೆಜಿ ಮುಗಿಸಿದ ಮಗುವಿಗೆ ಐದು ವರ್ಷ ಐದು ತಿಂಗಳಾಗಿದ್ದರೆ ಸಾಕು, ಆದರೆ ಈ ಸಡಿಲಿಕೆ ಒಂದು ವರ್ಷಕ್ಕೆ ಮಾತ್ರ ಎಂದು ಶಿಕ್ಷಣ ಸಚಿವ ಮಧು ಬಂಗಾರಪ್ಪ 2025ರ ಏಪ್ರಿಲ್‌ನಲ್ಲಿ ಹೇಳಿದರು.

ಆರು ವರ್ಷದ ನಿಯಮ ಸರಿ ಎಂದೇ ನಾನು ನಂಬಿದ್ದೇನೆ. ಆದರೆ ಚರ್ಚೆಯೆಲ್ಲ ತಿಂಗಳ ಲೆಕ್ಕದಲ್ಲೇ ಮುಗಿದುಹೋಯಿತು. ಹತ್ತು ದಿನ ಕಡಿಮೆ ಬಿದ್ದ ಮಗುವಿನ ಒಂದು ವರ್ಷ ಹಾಳಾಗುತ್ತದೆ ಎಂದು ಎಲ್ಲರೂ ಹೇಳಿದರು. ಆ ವರ್ಷದಲ್ಲಿ ಮಗು ಏನು ಮಾಡುತ್ತದೆ ಎಂದು ಕೇಳಿದವರು ಕಡಿಮೆ. ಮೂರರಿಂದ ಆರರವರೆಗಿನ ಕಾಲ ನಾಲ್ಕು ಗೆರೆ ಕಾಪಿ ಪುಸ್ತಕದಲ್ಲಿ ಅಕ್ಷರ ತಿದ್ದುವುದರಲ್ಲೇ ಹೋಗುವುದಾದರೆ, ಒಂದನೇ ತರಗತಿ ತಡವಾಗಿ ಶುರುವಾದರೂ ಮಗುವಿಗೆ ಸಿಗುವುದು ಇನ್ನೊಂದು ವರ್ಷದ ತಿದ್ದುವ ಕೆಲಸ ಅಷ್ಟೇ.

ನಮ್ಮ ಜಿಲ್ಲೆಯ ಪೇಟೆಗಳಲ್ಲಿ ಈಗ ನಡೆಯುತ್ತಿರುವುದನ್ನು ನೋಡಿ. ಮೂರೂವರೆ ವರ್ಷಕ್ಕೆ ಎಲ್‌ಕೆಜಿ. ಮೊದಲ ತಿಂಗಳು ಸ್ಟ್ಯಾಂಡಿಂಗ್ ಲೈನ್, ಸ್ಲೀಪಿಂಗ್ ಲೈನ್. ಮಳೆಗಾಲ ಮುಗಿಯುವ ಹೊತ್ತಿಗೆ ಇಂಗ್ಲಿಷಿನ ದೊಡ್ಡ ಅಕ್ಷರಗಳೆಲ್ಲ ಆಗಿರಬೇಕು. ಆಮೇಲೆ ಚಿಕ್ಕ ಅಕ್ಷರ, ಜೊತೆಗೆ ಅ ಆ ಇ ಈ, ಜೊತೆಗೆ 1ರಿಂದ 50. ಯುಕೆಜಿಯಲ್ಲಿ ಕೆಲವು ಕಡೆ ಕರ್ಸಿವ್ ಅಂದರೆ ಕೂಡು ಬರಹ. ಕೇಂದ್ರ ಪಠ್ಯಕ್ರಮದ ಶಾಲೆಯಾದರೆ ಹಿಂದಿಯೂ ಸೇರಬಹುದು. ಭಟ್ಕಳದ ಕಡೆ ಬಲದಿಂದ ಎಡಕ್ಕೆ ಬರೆಯುವ ಉರ್ದು ಕಲಿಯುವ ಮಕ್ಕಳೂ ಇದ್ದಾರೆ. ಐದು ವರ್ಷದ ಮಗುವಿನ ಮುಂದೆ ಎರಡು ಮೂರು ಲಿಪಿ. ಹಳ್ಳಿಯಿಂದ ಶಿರಸಿಗೋ ಕುಮಟೆಗೋ ಶಾಲೆಯ ವ್ಯಾನಿನಲ್ಲಿ ಹೋಗಿ ಬರುವ ಮಗು ಸಂಜೆ ಮನೆಗೆ ಬಂದು ಮತ್ತೆ ಒಂದು ಪುಟ ಹೋಮ್‌ವರ್ಕ್ ಬರೆಯಬೇಕು. ಕೈ ನೋಯುತ್ತದೆ ಎಂದು ಅದು ಅಳುತ್ತದೆ. ಅಮ್ಮ ಅದರ ಕೈ ಹಿಡಿದು ಬರೆಸುತ್ತಾಳೆ. ಪುಟ ತುಂಬುತ್ತದೆ.

ಕೈ ನೋಯುತ್ತದೆ ಎಂಬುದನ್ನು ನಾವು ನೆಪ ಎಂದು ತಳ್ಳಿಹಾಕುತ್ತೇವೆ. ಅದು ನೆಪ ಅಲ್ಲ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿರುತ್ತವೆ. ಹುಟ್ಟಿದ ಮಗುವಿನ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಒಂದೂ ಕಾಣುವುದಿಲ್ಲ, ಎಲ್ಲವೂ ಮೆದುಮೂಳೆ. ಮೊದಲ ಕೆಲವು ತಿಂಗಳಲ್ಲಿ ಎರಡು ಗಟ್ಟಿಯಾಗತೊಡಗುತ್ತವೆ, ಉಳಿದವು ಒಂದೊಂದಾಗಿ ಏಳು ವರ್ಷದ ಆಸುಪಾಸಿನವರೆಗೆ ಬರುತ್ತವೆ. ಕೊನೆಯದು ಕಾಣಿಸಿಕೊಳ್ಳಲು ಒಂಬತ್ತು ಹತ್ತು ವರ್ಷವೂ ಆಗಬಹುದು. ಮಗುವಿನ ಮೂಳೆಯ ವಯಸ್ಸು ತಿಳಿಯಲು ವೈದ್ಯರು ಕೈಯ ಎಕ್ಸ್‌ರೇ ನೋಡುವುದು ಇದಕ್ಕೇ. ಹಾಗಂತ ಮೂಳೆ ಬೆಳೆಯುವವರೆಗೆ ಪೆನ್ಸಿಲ್ ಮುಟ್ಟಬಾರದು ಎಂದಲ್ಲ. ಮೂಳೆಗಿಂತ ಮುಖ್ಯವಾದದ್ದು ಭುಜ, ಮೊಣಕೈ, ಬೆರಳುಗಳ ಮೇಲೆ ಬರುವ ಹಿಡಿತ. ಈ ಹಿಡಿತ ಭುಜದಿಂದ ಶುರುವಾಗಿ ಬೆರಳ ತುದಿಗೆ ಇಳಿಯುತ್ತದೆ. ಎರಡು ವರ್ಷದ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳಿನಿಂದ ಗೀಚುತ್ತದೆ. ಆಮೇಲೆ ಬೆರಳುಗಳು ಮೇಲಿನಿಂದ ಹಿಡಿಯುತ್ತವೆ. ನಾವು ಬರೆಯುವ ಹಾಗೆ ಮೂರು ಬೆರಳಲ್ಲಿ ಹಿಡಿದು ಬೆರಳನ್ನಷ್ಟೇ ಆಡಿಸುವುದು ಬಹಳ ಮಕ್ಕಳಲ್ಲಿ ನಾಲ್ಕೂವರೆಯಿಂದ ಆರರ ನಡುವೆ ಗಟ್ಟಿಯಾಗುತ್ತದೆ. ಅದಕ್ಕೂ ಮೊದಲು ಸಣ್ಣ ಗೆರೆಗಳ ನಡುವೆ ಬರೆಯಲು ಕೂರಿಸಿದರೆ ಮಗು ಹೇಗಾದರೂ ಮಾಡಿ ಗೆರೆಯೊಳಗೆ ಉಳಿಯಲು ನೋಡುತ್ತದೆ. ಪೆನ್ಸಿಲನ್ನು ಒತ್ತಿ ಹಿಡಿಯುತ್ತದೆ, ಹೆಬ್ಬೆರಳನ್ನು ಸುತ್ತಿಕೊಳ್ಳುತ್ತದೆ. ಒಮ್ಮೆ ರೂಢಿಯಾದ ಹಿಡಿತವನ್ನು ಆಮೇಲೆ ಬಿಡಿಸುವುದು ಕಷ್ಟ.

ಕಣ್ಣಿನಿಂದ ನೋಡಿ ಕೈಯಿಂದ ಮಾಡುವುದಕ್ಕೂ ಒಂದು ಕ್ರಮ ಇದೆ. ಮಕ್ಕಳ ಬೆಳವಣಿಗೆಯನ್ನು ಅಳೆಯುವವರು ಬಹಳ ಕಾಲದಿಂದ ಬಳಸುವ ಲೆಕ್ಕ ಇದು. ಸುಮಾರು ಮೂರು ವರ್ಷಕ್ಕೆ ಮಗು ವೃತ್ತವನ್ನು ನೋಡಿ ಬಿಡಿಸುತ್ತದೆ. ನಾಲ್ಕರ ಹೊತ್ತಿಗೆ ಅಧಿಕ ಚಿಹ್ನೆ. ನಾಲ್ಕೂವರೆಗೆ ಚೌಕ. ಐದರ ಸುಮಾರಿಗೆ ತ್ರಿಕೋನ. ವಜ್ರದ ಆಕಾರ ಆರು ದಾಟಿದ ಮೇಲೆ. ಓರೆ ಗೆರೆ ಎಲ್ಲಕ್ಕಿಂತ ತಡ. ಇದು ಬುದ್ಧಿವಂತಿಕೆಯ ಪ್ರಶ್ನೆ ಅಲ್ಲ. ಚುರುಕಾದ ಮಗುವಿಗೂ ನಾಲ್ಕು ವರ್ಷಕ್ಕೆ ತ್ರಿಕೋನ ಬರದೇ ಇರಬಹುದು. ಅದೇ ಮಗುವಿನ ಹತ್ತಿರ ನಾವು ಈ, ಋ ಬರೆಸುತ್ತಿದ್ದೇವೆ.

ಇಲ್ಲಿ ಕನ್ನಡದ ಮಾತು ಬೇರೆಯಾಗಿಯೇ ಆಡಬೇಕು. ಪೆನ್ಸಿಲ್, ಕೈ, ವಯಸ್ಸು ಎಂದು ಸಿಗುವ ಸಲಹೆಗಳಲ್ಲಿ ಬಹಳಷ್ಟು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಲ್ಲಿಟ್ಟು ಮಾಡಿದವು. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ನೇರ ಗೆರೆ ಜಾಸ್ತಿ. ನಮ್ಮದು ಸುರುಳಿ. ಗೆರೆ ಒಂದು ಕಡೆ ತಿರುಗಿ, ನಡುವೆ ನಿಂತು, ಇನ್ನೊಂದು ಕಡೆಗೆ ತಿರುಗುತ್ತದೆ. ಬಹುಪಾಲು ವ್ಯಂಜನಗಳ ಮೇಲೆ ತಲಕಟ್ಟು ಬೇರೆ. ವರ್ಣಮಾಲೆಯಲ್ಲಿ 49 ಅಕ್ಷರ, ಕಾಗುಣಿತ ಸೇರಿದರೆ ರೂಪಗಳು ಐನೂರು ದಾಟುತ್ತವೆ, ಒತ್ತಕ್ಷರ ಇನ್ನೂ ಇದೆ. ಪ ಮತ್ತು ಷ, ದ ಮತ್ತು ಧ, ಬ ಮತ್ತು ಭ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೀಟು. ಕನ್ನಡ ಮಾಧ್ಯಮದ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ತೋರಿಸಿತು. ಇಂಗ್ಲಿಷ್ ಮೊದಲಾದ ಅಕ್ಷರಮಾಲೆಗಳ ಕಲಿಕೆ ಸುಮಾರು ಒಂದು ವರ್ಷದಲ್ಲಿ ಒಂದು ಹಂತಕ್ಕೆ ಬಂದರೆ, ಕನ್ನಡದ ಅಕ್ಷರಗಳ ಕಲಿಕೆ ಮೂರನೇ ನಾಲ್ಕನೇ ತರಗತಿವರೆಗೂ ಎಳೆಯುತ್ತದೆ. ಅಂದರೆ ಅದಕ್ಕೆ ಸಹಜವಾಗಿಯೇ ಅಷ್ಟು ಕಾಲ ಬೇಕು. ಅದನ್ನು ಯುಕೆಜಿಯೊಳಗೆ ಮುಗಿಸುತ್ತೇವೆ ಎಂದು ಹೊರಡುವುದರಲ್ಲಿ ಅರ್ಥ ಇಲ್ಲ.

ಇನ್ನೊಂದು ತೊಡಕು ಕ್ರಮದ್ದು. ಮನೆಯ ಗೋಡೆಯ ಚಾರ್ಟು, ಎಲ್‌ಕೆಜಿ ವರ್ಕ್‌ಬುಕ್ಕು ಎಲ್ಲವೂ ಅ ಆ ಇ ಈ ಎಂದೇ ಶುರು. ಬಾಯಲ್ಲಿ ಹೇಳಲು ಆ ಕ್ರಮ ಬಹಳ ಚೆನ್ನಾಗಿದೆ, ನಾಲಿಗೆ ಎಲ್ಲೆಲ್ಲಿ ತಾಗುತ್ತದೆ ಎಂಬುದನ್ನು ನೋಡಿ ಜೋಡಿಸಿದ್ದು. ಬರೆಯುವ ಕೈಗೆ ಅದು ತಲೆಕೆಳಗು. ಕಷ್ಟದ ಆಕಾರಗಳೆಲ್ಲ ಮೊದಲೇ ಬಂದುಬಿಡುತ್ತವೆ. ಮಗು ಇನ್ನೂ ರ ಬರೆಯುವ ಮೊದಲೇ ಋ ಬರೆಯಬೇಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಇದನ್ನು ಎಂದೋ ಸರಿಮಾಡಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಅಕ್ಷರಗಳು ಬರುವುದು ರ ಗ ಸ ದ ಅ, ಆಮೇಲೆ ಜ ವ ಮ ಬ ನ ಎಂದು. ಬರೆಯಲು ಹಗುರವಾದವು ಮೊದಲು. ಅದಕ್ಕಿಂತ ದೊಡ್ಡ ಅನುಕೂಲ ಎಂದರೆ, ಐದೇ ಅಕ್ಷರಕ್ಕೆ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಅ ಆ ಇ ಈ ಉ ಐದನ್ನೂ ಚೆಂದವಾಗಿ ಬರೆದ ಮಗುವಿಗೆ ಆ, ಈ ಎಂಬ ಒಂಟಿ ಅಕ್ಷರ ಬಿಟ್ಟರೆ ಓದಲು ಪದವೇ ಸಿಗುವುದಿಲ್ಲ. ಎರಡು ವರ್ಷ ವರ್ಕ್‌ಬುಕ್ಕಿನ ಕ್ರಮದಲ್ಲಿ ತಿದ್ದಿದ ಮಗು ಒಂದನೇ ತರಗತಿಗೆ ಬಂದಾಗ ಅಕ್ಕೋರು, ಅಂದರೆ ಶಿಕ್ಷಕಿ, ಮತ್ತೆ ಮೊದಲಿನಿಂದ ಶುರುಮಾಡುವುದಿದೆ. ಮಗು ಬರೆಯುತ್ತದೆ, ಓದುವುದಿಲ್ಲ. ಆಕಾರ ಕೈಗೆ ಬಂದಿದೆ, ಅದರ ಸದ್ದು ಬಂದಿಲ್ಲ.

ಹಾಗಾದರೆ ಬರೆಯುವುದೇ ಬೇಡವೇ? ಬೇಕು. ಕೈಯಲ್ಲಿ ಬರೆಯುವುದು ಓದಿಗೆ ಸಹಾಯ ಮಾಡುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ, ಮೊಬೈಲು ಟ್ಯಾಬಿನ ಕಾಲದಲ್ಲಿ ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕೆರಿನ್ ಜೇಮ್ಸ್ ಅವರು 2012ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಉದಾಹರಿಸುತ್ತಾರೆ. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಮೂರು ರೀತಿ ಮಾಡಿಸಿದರು. ನೋಡಿ ಸ್ವಂತ ಕೈಯಿಂದ ಬರೆಯುವುದು, ಚುಕ್ಕೆಗಳ ಮೇಲೆ ತಿದ್ದುವುದು, ಕೀಲಿಮಣೆ ಒತ್ತುವುದು. ಆಮೇಲೆ ಮಕ್ಕಳಿಗೆ ಆ ಅಕ್ಷರಗಳನ್ನು ತೋರಿಸುತ್ತ ಮಿದುಳಿನ ಸ್ಕ್ಯಾನ್ ಮಾಡಿದರು. ಸ್ವಂತವಾಗಿ ಬರೆದ ಅಕ್ಷರಗಳನ್ನು ಕಂಡಾಗ, ಓದುವಾಗ ಕೆಲಸ ಮಾಡುವ ಭಾಗಗಳು ಎಚ್ಚೆತ್ತವು. ತಿದ್ದಿದ ಮತ್ತು ಒತ್ತಿದ ಅಕ್ಷರಗಳಿಗೆ ಹಾಗೆ ಆಗಲಿಲ್ಲ. ಈ ಅಧ್ಯಯನ ಚಿಕ್ಕದು, ಇಂಗ್ಲಿಷ್ ಅಕ್ಷರಗಳದ್ದು. ಆದರೂ ಅದರ ಸೂಚನೆ ನಮ್ಮ ಎಲ್‌ಕೆಜಿಗಳಿಗೆ ನೇರವಾಗಿ ತಾಗುತ್ತದೆ, ಯಾಕೆಂದರೆ ನಾವು ಮಕ್ಕಳ ಕೈಯಲ್ಲಿ ಅತಿ ಹೆಚ್ಚು ಮಾಡಿಸುವುದು ಚುಕ್ಕೆ ತಿದ್ದುವ ಕೆಲಸವನ್ನೇ. ಚುಕ್ಕೆಯ ಮೇಲೆ ಹೋಗುವಾಗ ಮಗು ಮುಂದಿನ ಚುಕ್ಕೆಯನ್ನು ಹುಡುಕುತ್ತದೆ. ಇಡೀ ಅಕ್ಷರ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲಿಂದ ಶುರುಮಾಡಬೇಕು ಎಂಬುದನ್ನೂ ಚುಕ್ಕೆ ಹೇಳುವುದಿಲ್ಲ, ಹಾಗಾಗಿ ಬಾಲದಿಂದ ಅ ಬರೆಯುವ ಮಕ್ಕಳೂ ಸಿಗುತ್ತಾರೆ.

ಇನ್ನೊಂದು ಅಧ್ಯಯನ ಫ್ರಾನ್ಸಿನದು, 2005ರದ್ದು. ಮರಿಕೆ ಲಾಂಗ್‌ಕಾಂಪ್ ಮತ್ತು ಜೊತೆಗಾರರು ಮೂರರಿಂದ ಐದು ವರ್ಷದ 76 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೈಬರಹ, ಇನ್ನೊಂದಕ್ಕೆ ಟೈಪಿಂಗ್ ಕಲಿಸಿದರು. ಕೈಯಲ್ಲಿ ಬರೆದವರು ಅಕ್ಷರಗಳನ್ನು ಚೆನ್ನಾಗಿ ಗುರುತಿಸಿದರು, ನಿಜ. ಆದರೆ ಆ ಲಾಭ ಕಂಡದ್ದು ಗುಂಪಿನ ದೊಡ್ಡ ಮಕ್ಕಳಲ್ಲಿ. ಚಿಕ್ಕವರಲ್ಲಿ ಅಲ್ಲ. ಕೈ ಸಿದ್ಧವಾದಾಗ ಬರೆದರೆ ಕಣ್ಣಿಗೆ ಲಾಭ, ಅದಕ್ಕೂ ಮೊದಲು ಬರೆಸಿದರೆ ಸುಮ್ನೆ ಶ್ರಮ ಎಂದು ನಾನು ಇದನ್ನು ಓದುತ್ತೇನೆ.

ಬೇಗ ಶುರುಮಾಡಿದ ಮಗು ಮುಂದೆ ಇರುತ್ತದೆ ಎಂಬ ನಂಬಿಕೆಯದ್ದೂ ಒಂದು ಕಥೆ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗೇಟ್ ಮತ್ತು ಜೊತೆಗಾರರು, ಐದಕ್ಕೆ ಓದು ಶುರುಮಾಡಿದ ಮತ್ತು ಏಳಕ್ಕೆ ಶುರುಮಾಡಿದ ಮಕ್ಕಳನ್ನು ಹೋಲಿಸಿ ನೋಡಿದರು. ಹನ್ನೊಂದನೇ ವಯಸ್ಸಿನ ಹೊತ್ತಿಗೆ ಇಬ್ಬರ ಓದೂ ಸಮ ಆಗಿತ್ತು. ಅಲ್ಲಿನ ಮನೆ, ಅಲ್ಲಿನ ಶಾಲೆ ಬೇರೆ. ಅದನ್ನು ಎತ್ತಿ ಜೋಯಿಡಾಕ್ಕೆ ಅಂಟಿಸಲು ಬರುವುದಿಲ್ಲ. ಆದರೂ ನಾಲ್ಕಕ್ಕೆ ಬರೆಯದ ಮಗು ಜೀವನಪೂರ್ತಿ ಹಿಂದೆ ಬೀಳುತ್ತದೆ ಎಂಬ ಹೆದರಿಕೆಗೆ ಆಧಾರ ಇಲ್ಲ ಎಂಬಷ್ಟು ಹೇಳಬಹುದು.

ಕರಾವಳಿಯಲ್ಲಿ ಅಕ್ಷರದ ಪ್ರಶ್ನೆ ಮಾತಿನ ಪ್ರಶ್ನೆಯೂ ಹೌದು. ಕಾರವಾರ, ಅಂಕೋಲೆಯ ಎಷ್ಟೋ ಮನೆಗಳಲ್ಲಿ ಮಗು ಆಡುವುದು ಕೊಂಕಣಿ. ಅದಕ್ಕೆ ಮನೆ ಎಂದರೆ ಘರ, ನೀರು ಎಂದರೆ ಉದಾಕ, ಮರ ಎಂದರೆ ಝಾಡ, ದೋಣಿ ಎಂದರೆ ಹೋಡಿ. ಚಾರ್ಟಿನಲ್ಲಿ ಮರದ ಚಿತ್ರ ತೋರಿಸಿ ಮ ಎಂದರೆ ಆ ಮಗುವಿಗೆ ಚಿತ್ರಕ್ಕೂ ಸದ್ದಿಗೂ ನಂಟು ಸಿಗುವುದಿಲ್ಲ. ಅದು ಕಂಠಪಾಠ ಮಾಡುತ್ತದೆ. ಭಟ್ಕಳದಲ್ಲಿ ನವಾಯತಿ. ಯಲ್ಲಾಪುರ, ಹಳಿಯಾಳದ ಸಿದ್ದಿ ಮಕ್ಕಳು ಆಡುವ ಕೊಂಕಣಿಯೇ ಬೇರೆ. ಗೌಳಿ ದೊಡ್ಡಿಗಳಲ್ಲಿ ಮರಾಠಿಗೆ ಹತ್ತಿರದ ಮಾತು, ಮುಂಡಗೋಡದ ಕ್ಯಾಂಪಿನಲ್ಲಿ ಟಿಬೆಟನ್. ಕನ್ನಡವೇ ಆಡುವ ಮನೆಗಳಲ್ಲೂ ಶಿರಸಿಯ ಹವ್ಯಕ ಮಗು ಆನು ಎಂದರೆ ಪುಸ್ತಕ ನಾನು ಎನ್ನುತ್ತದೆ. ಇಷ್ಟು ಬಗೆಯ ಮಾತಿರುವ ಜಿಲ್ಲೆಯಲ್ಲಿ ಅಕ್ಷರಕ್ಕಿಂತ ಮೊದಲು ಮಾತು ಬರಬೇಕು. ಕಥೆ, ಹಾಡು, ಒಗಟು, ಇವತ್ತು ಬಂದರಿಗೆ ಯಾವ ಮೀನು ಬಂತು ಎಂಬ ಹರಟೆ. ಮಗು ತನ್ನ ಮಾತಿನಲ್ಲಿ ಹೇಳಲಿ, ಅಕ್ಕೋರು ಕನ್ನಡದಲ್ಲಿ ತಿರುಗಿ ಹೇಳಲಿ. ಕಾರವಾರದ ಬಾಲವಾಡಿಗಳಲ್ಲಿ ಒಳ್ಳೆಯ ಅಕ್ಕೋರುಗಳು ಇದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತ ಬಂದಿದ್ದಾರೆ. ಬರಹದ ಅವಸರ ತಿನ್ನುವುದು ಮೊದಲು ಇದೇ ಹೊತ್ತನ್ನು.

ಕಾನೂನು, ನೀತಿ ಏನು ಹೇಳುತ್ತವೆ? 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳದ್ದು. ಮೂರರಿಂದ ಆರರವರಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎಂದಷ್ಟೇ ಅದರಲ್ಲಿದೆ. ಇದೇ ಕಾಯ್ದೆಯ 13ನೇ ಸೆಕ್ಷನ್ ಮಾತ್ರ ಪಾಲಕರೆಲ್ಲ ತಿಳಿದಿರಬೇಕಾದದ್ದು. ಪ್ರವೇಶಕ್ಕೆ ಮಗುವನ್ನಾಗಲಿ ಪಾಲಕರನ್ನಾಗಲಿ ಪರೀಕ್ಷೆ ಮಾಡುವಂತಿಲ್ಲ. ಮಾಡಿದರೆ ಮೊದಲ ಸಲ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲ 50,000 ರೂಪಾಯಿವರೆಗೆ ದಂಡ. ಒಂದನೇ ತರಗತಿಗೆ ಸೇರಿಸಲು ಹೋದಾಗ ಎ ಟು ಝಡ್ ಬರೆಸಿ ನೋಡುವ ಶಾಲೆ ತಪ್ಪು ಮಾಡುತ್ತಿದೆ. ಆ ಪರೀಕ್ಷೆಯ ಹೆದರಿಕೆಯಿಂದಲೇ ಎಷ್ಟೋ ಎಲ್‌ಕೆಜಿಗಳಲ್ಲಿ ಬರೆಸುವ ಒತ್ತಡ ಹುಟ್ಟುತ್ತದೆ. 2020ರ ಶಾಲಾ ಬ್ಯಾಗ್ ನೀತಿ ಎರಡನೇ ತರಗತಿವರೆಗೆ ಹೋಮ್‌ವರ್ಕ್ ಬೇಡ ಎನ್ನುತ್ತದೆ. 2022ರ ಅಕ್ಟೋಬರಿನಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಮೂರರಿಂದ ಆರರ ಮಕ್ಕಳಿಗೆ ಪಠ್ಯಪುಸ್ತಕವೇ ಇರಬಾರದು ಎನ್ನುತ್ತದೆ. ಎಳೆ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಗಳನ್ನು ನೋಡಿ. ಐದರಿಂದ ಆರು ವರ್ಷದ ಮಗು ಅಕ್ಷರ ಮತ್ತು ಅದರ ಸದ್ದನ್ನು ಗುರುತಿಸಬೇಕು, ಎರಡು ಮೂರು ಅಕ್ಷರದ ಸರಳ ಪದ ಓದಬೇಕು, ಹತ್ತರವರೆಗಿನ ಅಂಕಿ ಗುರುತಿಸಿ ಓದಬೇಕು. ಬರೆಯಬೇಕು ಎಂಬ ಗುರಿ ಅಲ್ಲಿ ಇಲ್ಲ.

ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿ ಬೇಡ ಎಂದು ತನ್ನದೇ ನೀತಿಗಾಗಿ ಸುಖದೇವ್ ಥೋರಟ್ ನೇತೃತ್ವದ ಆಯೋಗ ಮಾಡಿತು. 2025ರ ಆಗಸ್ಟಿನಲ್ಲಿ ಅದರ ವರದಿ ಬಂತು. ಅದರಲ್ಲೂ ಎರಡು ವರ್ಷದ ಪೂರ್ವ ಪ್ರಾಥಮಿಕದ ಮಾತಿದೆ, ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮವಾಗಲಿ ಎಂಬ ಶಿಫಾರಸಿದೆ. ನೀತಿ ಯಾರದ್ದೇ ಆಗಲಿ, ಎಳೆ ಮಗುವಿಗೆ ಮನೆಯ ಮಾತಿನಲ್ಲಿ ಕಲಿಸಬೇಕು ಎಂಬುದರಲ್ಲಿ ಜಗಳ ಇಲ್ಲ. ಇದು ಶಿರಸಿಯ, ಹೊನ್ನಾವರದ ಒಂದು ತರಗತಿಯ ಕೋಣೆಯೊಳಗೆ ಇಳಿಯುತ್ತಿಲ್ಲ, ಅಷ್ಟೇ.

ಯಾಕೆ ಇಳಿಯುವುದಿಲ್ಲ? ಕಾಪಿ ಕಣ್ಣಿಗೆ ಕಾಣುತ್ತದೆ. ಫೀಸು ಕೊಟ್ಟ ತಂದೆ ತಾಯಿಗೆ ಮಗು ಏನು ಕಲಿಯಿತು ಎಂದು ತಿಳಿಯಬೇಕು. ಮಗು ಇವತ್ತು ಒಂದು ಕಥೆಯನ್ನು ಕೊನೆಯವರೆಗೆ ಕೂತು ಕೇಳಿತು, ಕತ್ತರಿ ಹಿಡಿಯಲು ಕಲಿಯಿತು, ರ ಎಂಬ ಸದ್ದು ಎಲ್ಲಿ ಬಂತು ಎಂದು ಗುರುತಿಸಿತು ಎಂಬುದನ್ನು ಚೀಲದಲ್ಲಿ ಹಾಕಿ ಕಳಿಸಲು ಬರುವುದಿಲ್ಲ. ತುಂಬಿದ ಪುಟ ಕಳಿಸಬಹುದು. ಕೆಂಪು ಶಾಯಿಯಲ್ಲಿ ಗುಡ್ ಎಂದು ಬರೆಯಬಹುದು. "ಪಕ್ಕದ ಮನೆದು ಆಗಲೇ ಹೆಸರು ಬರೀತದೆ, ನಮ್ಮನೆದು ಇನ್ನೂ ಗೆರೆ ಎಳೀತಾ ಕೂತದೆ" ಎಂದು ಕೊರಗುವ ತಾಯಿಯನ್ನು ನಾನು ದೂರುವುದಿಲ್ಲ. ಅವಳಿಗೆ ಬೇರೆ ಅಳತೆ ಯಾರೂ ಕೊಟ್ಟಿಲ್ಲ.

ಈ ಅಳತೆಯ ಹೊಡೆತ ಜೋರಾಗಿ ಬಿದ್ದಿರುವುದು ಅಂಗನವಾಡಿಗಳ ಮೇಲೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾಗಿ, ನಮ್ಮ ರಾಜ್ಯದಲ್ಲಿ ತಿ. ನರಸೀಪುರದಿಂದ ಕಾಲಿಟ್ಟ ವ್ಯವಸ್ಥೆಗೆ ಐವತ್ತು ವರ್ಷ ತುಂಬಿದೆ. ಅಲ್ಲಿ ಚಿಲಿಪಿಲಿ ಎಂಬ ಪಠ್ಯಕ್ರಮ ಇದೆ, ಆಟ, ಹಾಡು, ಕಥೆಗಳ ಮೇಲೆ ನಿಂತದ್ದು. ವಯಸ್ಸಿಗೆ ತಕ್ಕದ್ದು. ಆದರೆ "ಅಕ್ಕೋರೇ, ನೀವು ಏನೂ ಬರೆಸೂದೇ ಇಲ್ವಲ್ರಾ" ಎನ್ನುವ ಪಾಲಕರು ಮುಂದಿನ ವರ್ಷ ಮಗುವನ್ನು ವ್ಯಾನು ಹತ್ತಿಸುತ್ತಾರೆ. ಮಕ್ಕಳು ಕಡಿಮೆಯಾಗಬಾರದು ಎಂದು ಅಂಗನವಾಡಿಯೂ ಬರೆಸಲು ಶುರುಮಾಡುತ್ತದೆ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯುವ ವಿಚಾರ ಬಂದಾಗ 2024ರಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಆತಂಕ ಸುಳ್ಳಲ್ಲ. ಮಕ್ಕಳ ತೂಕ, ಪೋಷಣ್ ಟ್ರ್ಯಾಕರ್ ಆ್ಯಪಿನ ದಾಖಲೆ, ಗರ್ಭಿಣಿ ಬಾಣಂತಿಯರಿಗೆ ಮಾತೃಪೂರ್ಣದ ಊಟ, ಸಮೀಕ್ಷೆ ಇವೆಲ್ಲದರ ನಡುವೆ ಮಕ್ಕಳ ಜೊತೆ ಕೂತು ಮಾತಾಡಲು ಅವರಿಗೆ ಉಳಿಯುವ ಹೊತ್ತೇ ಕಡಿಮೆ. ಅಕ್ಷರ ತಿದ್ದಲು ಕೊಟ್ಟು ಮಕ್ಕಳನ್ನು ಕೂರಿಸಿದರೆ ಅಷ್ಟು ಹೊತ್ತು ಬೇರೆ ಕೆಲಸ ಆಗುತ್ತದೆ ಎಂಬುದೂ ಬರಹ ಹೆಚ್ಚಲು ಒಂದು ಕಾರಣ. ಅದನ್ನು ಸರಿಮಾಡಲು ಕಾರ್ಯಕರ್ತೆಗೆ ಬುದ್ಧಿ ಹೇಳಿದರೆ ಸಾಲದು, ಕೆಲಸದ ಹೊರೆ ಇಳಿಸಬೇಕು.

ಈ ವಾದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಪುಸ್ತಕ ಇರುವ, ಓದಿದ ಅಪ್ಪ ಅಮ್ಮ ಇರುವ ಮನೆಯ ಮಗು ತಡವಾಗಿ ಬರೆದರೂ ನಡೆದೀತು. ಜೋಯಿಡಾದ ಕುಣಬಿ ಮನೆಯ, ಗೌಳಿ ದೊಡ್ಡಿಯ, ಬೆಳಗಿನ ಜಾವ ದೋಣಿಗೆ ಹೋಗುವ ಮೀನುಗಾರನ ಮನೆಯ ಮಗುವಿಗೆ ಅಕ್ಷರ ಸಿಗುವುದು ಶಾಲೆಯಲ್ಲಿ ಮಾತ್ರ. ಅಲ್ಲೂ ತಡಮಾಡಿದರೆ ಅದು ಹಿಂದೆ ಬೀಳುವುದಿಲ್ಲವೇ? ಈ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ಇಲ್ಲಿ ಗುರುತಿಸುವುದು ಮತ್ತು ಬರೆಯುವುದು ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಅಕ್ಷರದ ಪರಿಚಯ ನಾಲ್ಕಕ್ಕೇ ಶುರುವಾಗಲಿ, ಅಂಥ ಮನೆಯ ಮಕ್ಕಳಿಗೆ ಇನ್ನೂ ಜಾಸ್ತಿಯೇ ಆಗಲಿ. ಚಿತ್ರದ ಪುಸ್ತಕ, ಬಸ್ಸಿನ ಬೋರ್ಡು, ತಟ್ಟೆಯ ಮೇಲೆ ಅಂಟಿಸಿದ ತನ್ನ ಹೆಸರು, ಅಕ್ಕೋರು ಬೆರಳಿಟ್ಟು ಓದುವ ಕಥೆ. ಇದಕ್ಕೆ ಪೆನ್ಸಿಲ್ ಬೇಕಿಲ್ಲ. ಒಂದು ಅಕ್ಷರವನ್ನು ಐವತ್ತು ಸಲ ಬರೆಸುವ ಹೊತ್ತಿನಲ್ಲಿ ಒಂದು ಕಥೆಯನ್ನು ಎರಡು ಸಲ ಓದಿ ಮುಗಿಸಬಹುದು. ಬಡ ಮನೆಯ ಮಗುವಿಗೆ ಸಿಗದೇ ಹೋಗುವುದು ಕಥೆ ಪುಸ್ತಕ, ಕಾಪಿ ಅಲ್ಲ.

ಕೈ ಹದಕ್ಕೆ ಬರಲು ಬೇಕಾದದ್ದು ನಮ್ಮ ಸುತ್ತಲೇ ಇದೆ. ಕಡಲ ಬದಿಯ ಹೊಯ್ಗೆಯಲ್ಲಿ ಬೆರಳಿನಿಂದ ದೊಡ್ಡದಾಗಿ ಗೀಚುವುದು, ಚಿಪ್ಪಿ ಹೆಕ್ಕುವುದು, ಅಬ್ಬಲಿಗೆ ಹೂವನ್ನು ಜೋಡಿಸಿ ದಂಡೆ ಕಟ್ಟುವವರಿಗೆ ಕೊಡುವುದು, ಅವರೆ ಸುಲಿಯುವುದು, ಚಪಾತಿ ಹಿಟ್ಟು ನಾದುವುದು, ಚೌತಿಯ ಹೊತ್ತಿನ ಮಣ್ಣಲ್ಲಿ ಇಲಿ ಮಾಡುವುದು, ಒದ್ದೆ ಬಟ್ಟೆ ಹಿಂಡುವುದು, ತನ್ನ ಅಂಗಿಯ ಗುಂಡಿ ತಾನೇ ಹಾಕುವುದು. ಸಿದ್ದಾಪುರ ಕಡೆಯ ದೀವರ ಮನೆಗಳ ಗೋಡೆಯ ಚಿತ್ತಾರ ನೋಡಿದವರಿಗೆ ಗೊತ್ತು, ಅಷ್ಟು ನೇರವಾದ ಗೆರೆ ಎಳೆಯುವ ಕೈಗಳು ನಾಲ್ಕು ಗೆರೆ ಕಾಪಿಯಲ್ಲಿ ತಯಾರಾದವಲ್ಲ. ಮಳೆಗಾಲದ ನಾಲ್ಕು ತಿಂಗಳು ಮಕ್ಕಳು ಹೊರಗೆ ಹೋಗಲು ಆಗುವುದಿಲ್ಲ, ಆಗ ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಸೀಮೆಸುಣ್ಣ ಕೊಟ್ಟರೆ ಸಾಕು. ನಿಂತು ಗೋಡೆಯ ಮೇಲೆ ಬರೆಯುವಾಗ ಭುಜಕ್ಕೂ ಮಣಿಕಟ್ಟಿಗೂ ಒಳ್ಳೆಯ ವ್ಯಾಯಾಮ. ವಿಜಯದಶಮಿಗೆ ಕೊಲ್ಲೂರಿಗೋ ಶೃಂಗೇರಿಗೋ ಹೋಗಿ ಅಕ್ಷರಾಭ್ಯಾಸ ಮಾಡಿಸುವ ಕುಟುಂಬಗಳು ನಮ್ಮಲ್ಲಿ ಬಹಳ. ಅಲ್ಲೂ ಮಗು ಬರೆಯುವುದು ಅಕ್ಕಿಯ ಮೇಲೆ, ಬೆರಳಿನಿಂದ, ದೊಡ್ಡದಾಗಿ, ಹಿರಿಯರ ತೊಡೆಯ ಮೇಲೆ ಕೂತು. ಆ ಪದ್ಧತಿಯಲ್ಲಿ ಮಗುವಿನ ಕೈಗೆ ಒಗ್ಗುವ ವಿಷಯ ಇದೆ. ಮಾರನೇ ದಿನವೇ ಪೆನ್ಸಿಲ್ ಕೊಟ್ಟು ಪುಟ ತುಂಬಿಸು ಎನ್ನುವುದು ಅದರ ಭಾಗ ಅಲ್ಲ.

ಐದು ದಾಟಿ, ಮಗು ಚೌಕ ತ್ರಿಕೋನ ಬಿಡಿಸತೊಡಗಿ, ತಾನಾಗಿ ಬರೆಯಲು ಹಟ ಮಾಡಿದಾಗ ಶುರುಮಾಡಿ. ಬಹಳ ಮಕ್ಕಳು ಮೊದಲು ಬರೆಯಲು ಬಯಸುವುದು ತಮ್ಮ ಹೆಸರನ್ನು. ಅಲ್ಲಿಂದಲೇ ಆಗಲಿ. ಆಮೇಲೆ ರ ಗ ಸ ದ. ಗೆರೆ ಇಲ್ಲದ ಹಾಳೆ ಅಥವಾ ಸ್ಲೇಟು, ದಪ್ಪ ಬಳಪ. ಒಮ್ಮೆ ನೀವು ಬರೆದು ತೋರಿಸಿ, ಎಲ್ಲಿಂದ ಶುರು ಎಂದು ಹೇಳಿ, ಅಳಿಸಿ, ಆಮೇಲೆ ಮಗು ತಾನೇ ಬರೆಯಲಿ. ಸೊಟ್ಟಗೆ ಬಂದರೂ ಅದು ಚುಕ್ಕೆಯ ಮೇಲೆ ತಿದ್ದಿದ ಚೆಂದದ ಅಕ್ಷರಕ್ಕಿಂತ ಬೆಲೆಯುಳ್ಳದ್ದು. ಮೂರು ನಾಲ್ಕು ಸಲ ಸಾಕು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದರೆ ಗಾಬರಿ ಬೇಡ. ಆರು ಏಳು ವರ್ಷದವರೆಗೆ ಅದು ಸಾಮಾನ್ಯ, ಕಲಿಕೆಯ ತೊಂದರೆಯ ಗುರುತು ಎಂದು ಆಗಲೇ ಹಣೆಪಟ್ಟಿ ಹಚ್ಚಬಾರದು. ಎಡಗೈ ಮಗುವಿನ ಕೈ ಬದಲಿಸಲು ಹೋಗಬೇಡಿ. ಏಳರ ಮೇಲೂ ಪೆನ್ಸಿಲ್ ಹಿಡಿಯಲು, ಗುಂಡಿ ಹಾಕಲು ತುಂಬ ಕಷ್ಟಪಡುತ್ತಿದ್ದರೆ ಆಗ ಮಕ್ಕಳ ವೈದ್ಯರಿಗೆ ತೋರಿಸಿ.

ಶಾಲೆಗಳು ಮತ್ತು ಅಂಗನವಾಡಿಗಳು ಮಾಡಬೇಕಾದ ಮುಖ್ಯ ಕೆಲಸ, ಪಾಲಕರಿಗೆ ಕಾಪಿಯ ಬದಲು ಬೇರೆ ಏನನ್ನಾದರೂ ಕೈಗೆ ಕೊಡುವುದು. ಇದಕ್ಕೆ ಖರ್ಚಿಲ್ಲ. ಮಗು ಸೇರಿದ ವಾರ ಒಂದು ಹಾಳೆಯಲ್ಲಿ ಅಪ್ಪನದ್ದೋ ಅಮ್ಮನದ್ದೋ ಚಿತ್ರ ಬಿಡಿಸಲಿ. ಹಿಂದೆ ತಾರೀಕು ಹಾಕಿ, ಮಗು ಆ ಚಿತ್ರದ ಬಗ್ಗೆ ಹೇಳಿದ ಮಾತನ್ನು ಹೇಳಿದ ಹಾಗೇ, ಕೊಂಕಣಿಯಾದರೆ ಕೊಂಕಣಿಯಲ್ಲೇ, ಅಕ್ಕೋರು ಬರೆದಿಡಲಿ. ಮೂರು ತಿಂಗಳಿಗೊಮ್ಮೆ ಅದೇ ಚಿತ್ರ ಮತ್ತೆ. ಮೊದಲ ಹಾಳೆಯಲ್ಲಿ ಒಂದು ಗುಂಡು, ಎರಡು ಕಡ್ಡಿ ಕಾಲು ಇರುತ್ತವೆ. ವರ್ಷದ ಕೊನೆಗೆ ಕೈಗೆ ಬೆರಳು, ಅಂಗಿಗೆ ಗುಂಡಿ, ಪಕ್ಕದಲ್ಲಿ ಮನೆಯ ಬೆಕ್ಕು ಬಂದಿರುತ್ತದೆ. ಒಂದು ಪದ ಹೇಳುತ್ತಿದ್ದ ಮಗು ನಾಲ್ಕು ವಾಕ್ಯ ಹೇಳಿರುತ್ತದೆ. ಈ ನಾಲ್ಕೈದು ಹಾಳೆಗಳನ್ನು ಪಾಲಕರ ಸಭೆಯಲ್ಲಿ ಒಟ್ಟಿಗೆ ಹರಡಿ ತೋರಿಸಿದರೆ, ಕೈ ಎಷ್ಟು ಹದವಾಯಿತು, ಮಾತು ಎಷ್ಟು ಬೆಳೆಯಿತು ಎಂದು ಓದು ಬಾರದ ತಾಯಿಗೂ ಕಾಣುತ್ತದೆ. ಅಂಗನವಾಡಿಗಳಲ್ಲಿ ಬಾಲ ವಿಕಾಸ ಸಮಿತಿಗಳು ಇವೆ, ಈ ಕೆಲಸವನ್ನು ಅವು ಮುಂದಿನ ಜೂನ್‌ನಿಂದಲೇ ಶುರುಮಾಡಬಹುದು. ಖಾಸಗಿ ಶಾಲೆಗೆ ಸೇರಿಸುವ ಪಾಲಕರು ಫೀಸು ಕೇಳುವಾಗಲೇ ಇನ್ನೂ ಎರಡು ಪ್ರಶ್ನೆ ಕೇಳಬಹುದು. ದಿನಕ್ಕೆ ಎಷ್ಟು ಹೊತ್ತು ಕಥೆ ಓದುತ್ತೀರಿ? ಎಲ್‌ಕೆಜಿಗೆ ಹೋಮ್‌ವರ್ಕ್ ಕೊಡುತ್ತೀರಾ?